ಉಸುಕಿನ ಮೇಲಿನ ಗೋಡೆ

ಸುಣ್ಣಕ್ಕೆ ನೀರು ಬಿದ್ದಾಗ ಏಳುವ ಬಿಸಿ ವಾಸನೆ ಈಗಲೂ ನನ್ನನ್ನು ಘಟ್ಟದ ಕೆಳಗಿನ ಒಂದು ಮೀನುಗಾರರ ಕೇರಿಗೆ ಕರೆದೊಯ್ಯುತ್ತದೆ. ದೊಡ್ಡ ಲಡಾಯಿ ಶುರುವಾಗುವುದಕ್ಕೆ ಮುಂಚಿನ ಬೇಸಿಗೆ. ನನಗಾಗ ಒಂಬತ್ತು ವರ್ಷ. ಅಪ್ಪ ಘಟ್ಟದ ಮೇಲಿನ ಹುಲಗೂರಿನಲ್ಲಿ ಗೋಡೆ ಕಟ್ಟುವ ಗೌಂಡಿ. ಪ್ರತಿ ಮಳೆಗಾಲ ಆ ಕೇರಿಯ ಗುಡಿಸಲುಗಳನ್ನು ಕಡಲು ಎಳೆದೊಯ್ಯುತ್ತಿತ್ತು. ಅಲ್ಲಿ ಕಲ್ಲಿನ ತಡೆಗೋಡೆ ಕಟ್ಟಲು ಗುತ್ತಿಗೆದಾರನ ಮುಕಾದಮ ಅಪ್ಪನನ್ನು ಕರೆದೊಯ್ದ. ಅವ್ವನೂ ನಾನೂ ಹೋದೆವು. ತೆಂಗಿನ ಗರಿಯ ಚಪ್ಪರವೇ ನಮಗೆ ಮನೆ. ಪಕ್ಕದ ಗುಡಿಸಲಿನ ಮುದುಕಿ ದೇವಕ್ಕ ಮೊದಲ ವಾರ ನಮ್ಮನ್ನು ಬಾವಿಯ ಹತ್ತಿರವೂ ಬಿಟ್ಟುಕೊಳ್ಳಲಿಲ್ಲ. ಘಟ್ಟದ ಮೇಲಿನವರಿಗೆ ಕಡಲೇನು ಗೊತ್ತು ಎಂದು ಅವಳ ಅನುಮಾನ. ಬರಬರುತ್ತ ಅವ್ವನ ಜೋಳದ ರೊಟ್ಟಿ ಅವಳ ಗುಡಿಸಲಿಗೂ, ಅವಳ ಮೀನಿನ ಸಾರು ನಮ್ಮ ಚಪ್ಪರಕ್ಕೂ ಓಡಾಡತೊಡಗಿದವು.

ಮುಕಾದಮ ಸದಾ ನಗುತ್ತಿದ್ದ. ಆ ನಗೆಯನ್ನು ಅವ್ವ ನಂಬುತ್ತಿರಲಿಲ್ಲ. ಗೋಡೆ ದೇವಕ್ಕನ ಗುಡಿಸಲಿನ ಮುಂದಕ್ಕೆ ಬಂದ ದಿನ ಅಪ್ಪ ಪಾಯದ ಗುಂಡಿಗಿಳಿದು ಹಾರೆ ಹಾಕಿದ. ಅದು ಗಟ್ಟಿ ನೆಲ ಮುಟ್ಟದೆ ಇಳಿಯುತ್ತಲೇ ಹೋಯಿತು.

"ಇನ್ನೂ ಆಳಕ್ಕ ಹೋಗಬೇಕ್ರಿ. ಇದು ಬರೇ ಉಸುಕು," ಎಂದ ಅಪ್ಪ.

"ಮ್ಯಾಲ ಕಲ್ಲು ಕಂಡ್ರ ಸಾಕು. ನೀ ಕಟ್ಟು," ಎಂದ ಮುಕಾದಮ, ನಗುತ್ತಲೇ.

ಅಪ್ಪ ಒಪ್ಪಲಿಲ್ಲ. ಸಂಜೆಯೊಳಗೆ ಅವನ ಕೆಲಸ ಹೋಯಿತು. ಸಾಮಾನು ಕದ್ದನೆಂಬ ಸುದ್ದಿಯೂ ಕೇರಿಯೆಲ್ಲ ಹಬ್ಬಿತು. ಗಂಟು ಕಟ್ಟಿಕೊಂಡು ಹೊರಟಾಗ ಅಪ್ಪ ದೇವಕ್ಕನ ಬಾಗಿಲಲ್ಲಿ ನಿಂತು, "ದೊಡ್ಡ ಗಾಳಿ ಎದ್ದರ ಈ ಗ್ವಾಡಿ ನಂಬಬ್ಯಾಡ್ರಿ, ಗುಡ್ಡ ಹತ್ರಿ," ಎಂದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿದಳು.

"ನಿನ್ನಪ್ಪ ಖರೇ ಹೇಳ್ತಾನಾ?"

"ನಮ್ಮಪ್ಪ ಸುಳ್ಳು ಹೇಳಂಗಿಲ್ಲ, ಆಯೀ."

ಅವಳು ಬಾಗಿಲು ಹಾಕಿಕೊಂಡಳು.

ಕಳವಿನ ಸುದ್ದಿ ನಮಗಿಂತ ಮೊದಲೇ ಹುಲಗೂರು ಮುಟ್ಟಿತ್ತು. ಅಪ್ಪ ಯಾರ ಅಂಗಳಕ್ಕೆ ಬಂದರೂ ಜನ ಗುದ್ದಲಿ ಒಳಗಿಡುತ್ತಿದ್ದರು. ಮಳೆ ಹಿಡಿದ ಮೇಲೆ ಒಂದು ದಿನ, ಘಟ್ಟ ಹತ್ತಿ ಬಂದ ಉಪ್ಪಿನ ಗಾಡಿಯವನು ನಮ್ಮ ಬಾಗಿಲಲ್ಲಿ ಎತ್ತು ನಿಲ್ಲಿಸಿದ.

"ಗ್ವಾಡಿ ಹೋತು. ಕೇರೀನೂ ಹೋತು."

"ಮಂದಿ?" ಎಂದ ಅಪ್ಪ.

"ಯಾರೋ ಮುದುಕಿ ಬೈದು ಬೈದು ಎಲ್ಲಾರನ್ನೂ ಗುಡ್ಡಕ್ಕ ಹತ್ತಿಸಿದ್ಲಂತ. ಉಳಿದಾರ."

ಅಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.

ಊರಿನ ಅನುಮಾನ ಅವನು ಕಣ್ಣು ಮುಚ್ಚುವವರೆಗೂ ಹೋಗಲಿಲ್ಲ. ಈಗ ಅಪ್ಪ ಇಲ್ಲ, ಅವ್ವ ಇಲ್ಲ, ಆ ಕೇರಿ ಇದ್ದಲ್ಲಿ ನೀರಿದೆಯಂತೆ. ಒಂಬತ್ತು ವರ್ಷದವಳ ಮಾತು ನಂಬಿದ ದೇವಕ್ಕ ಆಮೇಲೆ ಎಲ್ಲಿ ಗುಡಿಸಲು ಹಾಕಿಕೊಂಡಳೋ, ನನಗೆ ತಿಳಿಯಲೇ ಇಲ್ಲ.