ಕಡಲೆ ಅವಲಕ್ಕಿಯ ಗುರುವಾರಗಳು

ನನ್ನ ನೋಟ್‌ಬುಕ್ಕಿನಲ್ಲಿ ಐದು ಕಾಲಂಗಳಿವೆ: ವಾರ, ತಿಂದದ್ದು, ತಿಂದ ಹೊತ್ತು, ಹೊಟ್ಟೆ ಏನೆಂದಿತು, ಎಲ್ಲಿ ಇಳಿದೆ. ಮೊದಲ ನಾಲ್ಕು ಡಾಕ್ಟರು ಹೇಳಿದ್ದು. ಐದನೆಯದನ್ನು ನಾನೇ ಸೇರಿಸಿದೆ, ಯಾಕೆಂದರೆ ನಾನು ದಿನಾ ಕಲ್ಯಾಣದಿಂದ ಠಾಣೆಯವರೆಗೆ ಪ್ರತಿ ಸ್ಟೇಷನ್ನಿನಲ್ಲೂ ನಿಲ್ಲುವ ಸ್ಲೋ ಲೋಕಲ್‌ನಲ್ಲಿ ಹೋಗುತ್ತೇನೆ. ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ನೆರೂಳಿನ ಆಫೀಸು. ಲೋಕಲ್‌ನಲ್ಲಿ ಸಂಡಾಸು ಇರುವುದಿಲ್ಲ. ಹೊಟ್ಟೆ ಕೈಕೊಟ್ಟರೆ ಎಲ್ಲಿದ್ದರೂ ಇಳಿಯಬೇಕು.

ನನಗಿರುವುದು ಇರಿಟೇಬಲ್ ಬವೆಲ್ ಸಿಂಡ್ರೋಮ್. ಡಾಕ್ಟರು ರಕ್ತ, ಮಲ, ಸೋನೋಗ್ರಫಿ ಎಲ್ಲ ನೋಡಿ, ‘ಹುಣ್ಣಿಲ್ಲ, ಗಡ್ಡೆಯಿಲ್ಲ. ನಿನ್ನ ಕರುಳಿಗೆ ಸಿಟ್ಟು ಜಾಸ್ತಿ, ಅಷ್ಟೆ. ಯಾವುದಕ್ಕೆ ಸಿಟ್ಟಾಗುತ್ತದೆ ಅಂತ ಬರೆದಿಡು’ ಎಂದರು. ಸಿಟ್ಟನ್ನು ಬರೆದಿಡುವುದು ನನಗೆ ಶಾಲೆಯ ದಿನಗಳಿಂದ ಅಭ್ಯಾಸ.

ಬೆಳಗಿನ ಗಾಡಿಯಲ್ಲಿ ನಮ್ಮದು ಏಳು ಹೆಂಗಸರ ಗುಂಪು. ಕಲ್ಯಾಣದಲ್ಲಿ ಹತ್ತುವವರು ಮುಂದೆ ಹತ್ತುವವರಿಗಾಗಿ ಸೀಟಿನ ಮೇಲೆ ಕರ್ಚೀಫು ಹಾಕಿಡಬೇಕು. ದಿನಕ್ಕೊಬ್ಬರೋ ಇಬ್ಬರೋ ಸರದಿಯಂತೆ ನಾಷ್ಟಾ ತರಬೇಕು. ತಂದದ್ದನ್ನು ಯಾರೂ ಬೇಡ ಅನ್ನಬಾರದು, ಒಂದು ಚಮಚವಾದರೂ ತಿನ್ನಬೇಕು. ಮಂಗಳವಾರ ನನ್ನ ಸರದಿ, ಗುರುವಾರ ನಾನು ಅಕ್ಕ ಎಂದು ಕರೆಯುವವರದು. ಅಕ್ಕ ಡೊಂಬಿವಲಿಯಲ್ಲಿ ಹತ್ತುತ್ತಾರೆ. ಉಡುಪಿ ಕಡೆಯವರು. ನಾವು ವಿಜಯಪುರದವರು. ಗುಂಪಿನಲ್ಲಿ ಕನ್ನಡ ಬರುವುದು ನಮ್ಮಿಬ್ಬರಿಗೇ. ನಾನು ಬಾಗಿಲ ಹತ್ತಿರ ಜೋತು ನಿಂತಿದ್ದಾಗ ಫೋನಿನಲ್ಲಿ ಮನೆಯಲ್ಲಿದ್ದ ಅವ್ವನ ಜೊತೆ ಮಾತಾಡುವುದನ್ನು ಕೇಳಿ, ‘ನಮ್ಮವಳು, ಬಾ ಮಾರಾಯ್ತಿ’ ಎಂದು ಕರೆದು ಕೂಡಿಸಿಕೊಂಡವರು ಅವರೇ. ಅದನ್ನೂ ಬರೆದಿಟ್ಟಿದ್ದೇನೆ. ನಾನು ಒಂದು ಪಟ್ಟಿಯನ್ನು ಮಾತ್ರ ಇಡುವವಳಲ್ಲ.

ಮಳೆಗಾಲದ ಒಂದು ಗುರುವಾರ ಅಕ್ಕ ಕಡಲೆ ಅವಲಕ್ಕಿ ತಂದಿದ್ದರು. ಖಾರದ ಕಡಲೆ ಗಸಿ, ಅದಕ್ಕೆ ಕಲಸಿದ ತೆಳು ಅವಲಕ್ಕಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆ. ಎರಡು ಸಲ ಹಾಕಿಸಿಕೊಂಡೆ. ದಿವಾ ಸ್ಟೇಷನ್ ದಾಟುವಾಗ ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದಂತಾಯಿತು. ಅಕ್ಕನ ಕಿವಿಯ ಹತ್ತಿರ ಬಗ್ಗಿ ಹೇಳಿದೆ:

‘ಅಕ್ಕಾ, ಹೊಟ್ಟಿ ಕಲಸಾಕತ್ತೇತಿ. ತಡಕೊಳ್ಳಾಕ ಆಗವಲ್ದು. ಮುಂಬ್ರಾದಾಗ ಇಳೀತೀನಿ. ಇವರಿಗೆ ಹೇಳಬ್ಯಾಡ್ರಿ.’

‘ಹೋಗು ಮಾರಾಯ್ತಿ, ನಾನೆಂತ ಹೇಳುವುದು’ ಎಂದು ಕೈ ಒತ್ತಿದರು.

ಮರುದಿನ ಗಾಡಿ ಮುಂಬ್ರಾ ಪ್ಲಾಟ್‌ಫಾರ್ಮಿಗೆ ನುಗ್ಗುತ್ತಿದ್ದಂತೆ ನಮ್ಮ ಗುಂಪಿನ ಬಾಲವಾಡಿ ಟೀಚರು ಕೂಗಿದರು: ‘ಏ, ತುಝಂ ಸ್ಟೇಶನ್ ಆಲಂ!’ ನಿನ್ನ ಸ್ಟೇಷನ್ ಬಂತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಎಲ್ಲವನ್ನೂ ಮರಾಠಿಯಲ್ಲಿ ಹೇಳಿದ್ದರು. ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು ನಾನು ಹೇಗೆ ಓಡಿದೆ ಎಂದು ನಟಿಸಿ ಬೇರೆ ತೋರಿಸಿದ್ದರು. ಅವತ್ತಿನಿಂದ ನನ್ನ ಹೆಸರು ಹೋಯಿತು, ನಾನು ‘ಮುಂಬ್ರಾ’ ಆದೆ. ವಾಟ್ಸಾಪಿನಲ್ಲೂ ಅದೇ: ‘ಮುಂಬ್ರಾ, ನಾಳೆ ಪೋಹೆ ತರುತ್ತೀಯಾ?’

ದೀಪಾವಳಿಯವರೆಗೆ ಲೆಕ್ಕ ಇಟ್ಟೆ. ‘ನಿನ್ನ ಸ್ಟೇಷನ್ ಬಂತು’ ಎಂದದ್ದು ಐವತ್ತಮೂರು ಸಲ. ಅಕ್ಕ ಹೊಸಬರಿಗೆ ಕಥೆಯನ್ನು ಮೊದಲಿನಿಂದ ಹೇಳಿದ್ದು ಒಂಬತ್ತು ಸಲ. ಒಂಬತ್ತನೆಯ ಸಲಕ್ಕೆ ಕಥೆಯಲ್ಲಿ ನನ್ನ ಚಪ್ಪಲಿಯೂ ಕಿತ್ತುಹೋಗಿತ್ತು. ಚಪ್ಪಲಿ ಕಿತ್ತಿರಲಿಲ್ಲ.

ಗುಂಪು ಬಿಟ್ಟರೆ ಠಾಣೆಯವರೆಗೆ ನಿಲ್ಲಬೇಕು, ಆ ಹೊಟ್ಟೆ ಹೊತ್ತುಕೊಂಡು ಅದು ಆಗದ ಮಾತು. ಬಿಡಲು ಮನಸ್ಸೂ ಇರಲಿಲ್ಲ. ನನಗೆ ನನ್ನ ಹೆಸರು ವಾಪಸ್ಸು ಬೇಕಿತ್ತು, ಅದೇ ಸೀಟಿನಲ್ಲಿ ಕೂತು, ಅವರ ಎದುರಿಗೇ.

ಮೊದಲು ಹೊಟ್ಟೆಯನ್ನು ಹಿಡಿತಕ್ಕೆ ತಂದೆ. ಖಾಲಿ ಹೊಟ್ಟೆಗೆ ಹಾಲಿನ ಚಹಾ ನಿಲ್ಲಿಸಿದೆ. ಅಲಾರಂ ನಲವತ್ತು ನಿಮಿಷ ಮುಂಚೆ ಇಟ್ಟೆ. ಎದ್ದು ಬಿಸಿನೀರು, ಮನೆ ಹತ್ತಿರದ ಕೆರೆಗೆ ಎರಡು ಸುತ್ತು, ಆಮೇಲೆ ಅವಸರವಿಲ್ಲದೆ ಸಂಡಾಸು. ಗೋಧಿ ಚಪಾತಿಯ ಬದಲು ಜೋಳದ ರೊಟ್ಟಿ. ರಾತ್ರಿ ಊಟ ಎಂಟರೊಳಗೆ. ಈರುಳ್ಳಿ, ಬೆಳ್ಳುಳ್ಳಿ ಬಂದ್. ಕೆಂಪು ಚಟ್ನಿಗೆ ಬೆಳ್ಳುಳ್ಳಿ ಹಾಕಬೇಡ ಎಂದಾಗ ಅವ್ವ ಕೈಯಲ್ಲಿದ್ದ ಒನಕೆ ಕೆಳಗಿಟ್ಟಳು.

‘ಬಳ್ಳೊಳ್ಳಿ ಇಲ್ಲದ ಚಟ್ನಿ ರೊಟ್ಟಿಗೆ ಹಚ್ಚೂದಕಿಂತ ಬಾಗಲಕ್ಕ ಹಚ್ಚವ್ವಾ, ಬಣ್ಣರ ಬರ್ತೈತಿ.’

ಆದರೂ ನನಗೆಂದು ಬೇರೆ ಕುಟ್ಟಿಕೊಟ್ಟಳು.

ಆರು ವಾರದ ನಂತರ ಕೂಡಿ ನೋಡಿದೆ. ಉಳಿದ ದಿನಗಳಲ್ಲಿ ಹೊಟ್ಟೆ ಕೆಟ್ಟದ್ದು ಒಂದೇ ಸಲ, ಅದೂ ಮದುವೆ ಊಟ. ಗುರುವಾರಗಳಲ್ಲಿ ಆರಕ್ಕೆ ಆರೂ. ನನ್ನನ್ನು ಮುಂಬ್ರಾ ಮಾಡಿದವರೇ ಪ್ರತಿ ಗುರುವಾರ ಚಮಚ ತುಂಬಿ ನನ್ನ ತಟ್ಟೆಗೆ ಮುಂಬ್ರಾ ಹಾಕುತ್ತಿದ್ದರು. ತಿನ್ನದಿರಲು ನಿಯಮ ಬಿಡುತ್ತಿರಲಿಲ್ಲ.

ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತ ಉಳಿದವರು ಹೇಗೆ ತಿನ್ನುತ್ತಾರೆ ಎಂದು ನೋಡತೊಡಗಿದೆ. ಆಗಲೇ ಅಕ್ಕನ ಮೇಲೆ ಕಣ್ಣು ಬಿತ್ತು. ಅವರು ಎಲ್ಲರಿಗೂ ಬಡಿಸುತ್ತಿದ್ದರು, ಹೊಗಳುತ್ತಿದ್ದರು, ತಮ್ಮ ಪಾಲನ್ನು ಡಬ್ಬಿಯ ಮುಚ್ಚಳಕ್ಕೆ ಹಾಕಿಕೊಂಡು ‘ಆಫೀಸಿನಲ್ಲಿ ಚಹಾದ ಜೊತೆ ತಿನ್ನುತ್ತೇನೆ’ ಎಂದು ಮುಚ್ಚಿಬಿಡುತ್ತಿದ್ದರು. ಗುರುವಾರವಾದರೆ ‘ಮನೆಯಲ್ಲೇ ತಿಂದು ಬಂದೆ.’ ಹೊಸ ಪುಟ ತೆರೆದು ಅವರ ಹೆಸರು ಬರೆದೆ. ನಾಲ್ಕು ವಾರ, ಇಪ್ಪತ್ತು ದಿನ. ಠಾಣೆ ಬರುವ ಮುಂಚೆ ಅಕ್ಕನ ಬಾಯಿಗೆ ಹೋದದ್ದು ಸೊನ್ನೆ ಚಮಚ. ಠಾಣೆಯಲ್ಲಿ ಇಳಿದವರು ಸೇತುವೆ ಹತ್ತದೆ ಪ್ಲಾಟ್‌ಫಾರ್ಮಿನ ತುದಿಗೆ ನಡೆದದ್ದು ಏಳು ಸಲ. ಆ ತುದಿಯಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇಪ್ಪತ್ತೊಂದನೆಯ ದಿನ ಮಂಗಳವಾರ, ನನ್ನ ಸರದಿ. ಎಂದೂ ಇಲ್ಲದ ನಾನು ಕಡಲೆ ಅವಲಕ್ಕಿ ಮಾಡಿಕೊಂಡು ಹೋದೆ. ಬೆಳ್ಳುಳ್ಳಿ ಒಂದಿಡೀ ಗಡ್ಡೆ. ಡೊಂಬಿವಲಿಯಲ್ಲಿ ಅಕ್ಕ ಹತ್ತಿ ಕೂತ ಕೂಡಲೇ ಎಲ್ಲರಿಗೂ ಕೇಳುವಂತೆ ಮರಾಠಿಯಲ್ಲಿ ಹೇಳಿದೆ: ‘ಅಕ್ಕನನ್ನು ನೋಡಿಯೇ ಕಲಿತದ್ದು. ಮೊದಲ ಚಮಚ ಅವರದು. ಅವರು ಪಾಸು ಮಾಡಿದರೆ ಉಳಿದವರಿಗೆ.’

ಆರು ಜನ ಅವರ ಬಾಯಿ ನೋಡುತ್ತಿದ್ದರು. ಅಕ್ಕ ತಮ್ಮ ಡಬ್ಬಿಯ ಮುಚ್ಚಳ ತೆಗೆಯಲು ಹೋದರು.

‘ಮುಚ್ಚಳದಲ್ಲಿ ಬೇಡ ಅಕ್ಕ, ಬಿಸಿ ಇದೆ, ಈಗಲೇ ತಿನ್ನಿ’ ಎಂದೆ.

ಟೀಚರು, ‘ತಿನ್ನಿ ತಿನ್ನಿ, ನಮಗೆ ಹಸಿವು’ ಎಂದರು. ಕೋಪರ್ ಸ್ಟೇಷನ್ ಹೋಯಿತು. ಅಕ್ಕ ಚಮಚ ಹಿಡಿದೇ ಕೂತಿದ್ದರು. ಆಮೇಲೆ ನನ್ನತ್ತ ಬಗ್ಗಿ, ನಗುಮುಖ ಬದಲಿಸದೆ, ಕನ್ನಡದಲ್ಲಿ ಹೇಳಿದರು:

‘ನನಗೆ ಆಗುವುದಿಲ್ಲ ಮಾರಾಯ್ತಿ. ನಿನ್ನದೇ ಕಾಯಿಲೆ. ಹನ್ನೊಂದು ವರ್ಷ ಆಯ್ತು. ಇವರಿಗೆ ಹೇಳಬೇಡ, ಆಯ್ತಾ?’

ದಿವಾ ಬಂತು. ಜನ ಹತ್ತಿದರು, ಗಾಡಿ ಬಿಟ್ಟಿತು. ಅಷ್ಟು ಹೊತ್ತು ನನಗೆ ಯೋಚಿಸಲು ಸಮಯವಿತ್ತು. ಸಿಟ್ಟಿನ ಭರದಲ್ಲಿ ಬಾಯಿ ಜಾರಿತು ಎಂದು ಬರೆದರೆ ಸುಳ್ಳಾಗುತ್ತದೆ. ಹನ್ನೊಂದು ವರ್ಷ ಈ ನೋವು ಗೊತ್ತಿದ್ದೂ ಚಪ್ಪಲಿ ಕಿತ್ತ ಕಥೆ ಹೇಳಿದರಲ್ಲ ಎಂದು ಯೋಚಿಸಿದೆ. ನನ್ನತ್ತ ಬೆರಳು ತೋರಿಸುತ್ತಿದ್ದಷ್ಟು ದಿನ ಅವರ ಮುಚ್ಚಳವನ್ನು ಯಾರೂ ನೋಡಲಿಲ್ಲ ಎಂದೂ ಯೋಚಿಸಿದೆ. ಆಮೇಲೆ ಅವರು ಹೇಳಿದ್ದನ್ನೆಲ್ಲ ಶಬ್ದಕ್ಕೆ ಶಬ್ದ, ಹನ್ನೊಂದು ವರ್ಷ ಸಮೇತ, ಮರಾಠಿಗೆ ತಂದು ಎಲ್ಲರ ಮುಂದೆ ಇಟ್ಟೆ. ‘ಇವರಿಗೆ ಹೇಳಬೇಡ’ ಎಂಬುದನ್ನೂ ಬಿಡಲಿಲ್ಲ.

ಯಾರೂ ನಗಲಿಲ್ಲ. ಗಾಡಿ ನಿಧಾನವಾಯಿತು. ಟೀಚರು ಅಭ್ಯಾಸಬಲದಿಂದ ‘ಏ, ತುಝಂ…’ ಎಂದು ಶುರು ಮಾಡಿ, ಯಾರ ಕಡೆ ನೋಡಬೇಕೋ ತಿಳಿಯದೆ ಬಾಯಿಗೆ ಸೆರಗು ಇಟ್ಟುಕೊಂಡರು. ಮುಂಬ್ರಾ ಬಂದು ಹೋಯಿತು. ಯಾರೂ ಅದರ ಹೆಸರೆತ್ತಲಿಲ್ಲ.

ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ನನ್ನ ಹೊಟ್ಟೆ ತಿರುಚಿತು. ಅವತ್ತು ನಾನು ತಿಂದದ್ದು ಎರಡು ರೊಟ್ಟಿ, ಬೆಳ್ಳುಳ್ಳಿ ಇಲ್ಲದ ಚಟ್ನಿ, ಬಿಸಿನೀರು. ಡಬ್ಬಿಯಲ್ಲಿದ್ದದ್ದನ್ನು ನಾನು ಮುಟ್ಟಿಯೂ ಇರಲಿಲ್ಲ. ಸೇಡಿಗೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ. ಡಾಕ್ಟರು ಹೇಳಿಕೊಟ್ಟ ಹಾಗೆ ನಾಲ್ಕು ಎಣಿಸಿ ಉಸಿರು ಎಳೆದೆ, ಆರು ಎಣಿಸಿ ಬಿಟ್ಟೆ. ಮುಂದಿನ ಕಳವಾ ಸ್ಟೇಷನ್ನಿನಲ್ಲಿ ಇಳಿಯಬಹುದಿತ್ತು. ಅಕ್ಕ ನೋಡುತ್ತಿದ್ದರು, ಇಳಿಯಲಿಲ್ಲ.

ಠಾಣೆಯಲ್ಲಿ ಪ್ಲಾಟ್‌ಫಾರ್ಮಿನ ತುದಿಗೆ ನಡೆದೆ. ಹಿಂದೆ ಯಾರದೋ ಅವಸರದ ಹೆಜ್ಜೆ. ಸಂಡಾಸುಗಳಲ್ಲಿ ಒಂದೇ ಖಾಲಿಯಿತ್ತು, ಚಿಲಕಕ್ಕೆ ಕೈ ಹಾಕಿದೆ.

‘ನೀನೂ ಇಲ್ಲಿಗೇನಾ?’ ಅಕ್ಕನಿಗೆ ಏದುಸಿರು. ‘ನನ್ನನ್ನು ಮೊದಲು ಬಿಡು ಮಾರಾಯ್ತಿ, ಕೈಮುಗಿಯುತ್ತೇನೆ.’

ನಾನೇ ಮೊದಲು ಹೋದೆ. ನನಗೆ ಬೇಕಾದದ್ದು ಮೂರು ನಿಮಿಷ. ಐದು ತೆಗೆದುಕೊಂಡೆ, ಗಡಿಯಾರ ನೋಡಿಕೊಂಡೇ.

ಹೊರಗೆ ಬಂದಾಗ ಅವರು ಗೋಡೆ ಹಿಡಿದು ನಿಂತಿದ್ದರು, ಹಣೆಯ ಮೇಲೆ ಬೆವರು. ಒಳಗೆ ಹೋಗುವ ಮುಂಚೆ ತಿರುಗಿ, ಆ ಮಳೆಗಾಲದ ಮೇಲೆ ಮೊದಲ ಸಲ, ನನ್ನ ಹೆಸರು ಹಿಡಿದು ಕರೆದರು.

‘ನಾಳೆ ನನಗೆ ಕರ್ಚೀಫು ಹಾಕುತ್ತೀಯಾ, ಇಲ್ಲವಾ?’

ಹಾಕಿದೆ. ಬಿಸಿಲು ಬೀಳುವ ಕಡೆಯ ಸೀಟಿಗೆ.