ಉತ್ತರದ ಗೋಡೆಯ ಪಾಚಿ

ಭೂಮಿಯ ದಕ್ಷಿಣಾರ್ಧದಲ್ಲಿರುವ ಪೈಸಾಂದೂ ಊರಿನ ಎಬೆರ್ ಸಾರಾಲೆಗಿ ನಲವತ್ತೊಂದು ವರ್ಷ ಮನೆಗಳಿಗೆ ಬಣ್ಣ ಬಳಿದು, ಮಂಡಿ ಸವೆದ ಮೇಲೆ ಕುಂಚ ಕೆಳಗಿಟ್ಟ. ಅವನ ಕಣ್ಣು ಮಾತ್ರ ನಿವೃತ್ತಿಗೆ ಒಪ್ಪಲಿಲ್ಲ. ಯಾರ ಮನೆಗೆ ಹೋದರೂ ಮನೆಯವರಿಗಿಂತ ಮೊದಲು ಗೋಡೆಯನ್ನು ವಿಚಾರಿಸುತ್ತಿದ್ದ. ಕ್ರಮೇಣ ಕರೆಯುವವರು ಕಡಿಮೆಯಾದರು. ಆ ಹೊತ್ತಿಗೆ ಅವನ ಜೊತೆಯಲ್ಲಿದ್ದ ಅಕ್ಕ ನೆಲಿದಾಳಿಗೆ ಬೋಚಾ ಗುಂಡಿನಾಟದ ಕ್ಲಬ್ಬಿನ ಲಾಟರಿಯಲ್ಲಿ ಒಂದು ವಿಡಿಯೋ ಗೇಮ್ ಯಂತ್ರ ಬಂತು. ಅವಳು ಆಸೆಪಟ್ಟಿದ್ದು ಎರಡನೆಯ ಬಹುಮಾನವಾದ ಕುರಿಮರಿಗೆ. ಯಂತ್ರವನ್ನು ತಮ್ಮನತ್ತ ತಳ್ಳಿದಳು.

ಯಂತ್ರದೊಳಗೆ ಒಂದು ರಾಜ್ಯವಿತ್ತು. ಕಾಡು, ಬೆಟ್ಟ, ಹಳ್ಳಿ, ಎಲ್ಲಿ ಬೇಕಾದರೂ ಅಲೆಯಬಹುದು. ಸೆರೆಯಲ್ಲಿರುವ ರಾಜನನ್ನು ಬಿಡಿಸುವುದು ಆಡುವವನ ಕೆಲಸ. ಏಳು ತಿಂಗಳಾದರೂ ಎಬೆರ್ ರಾಜನತ್ತ ಸುಳಿಯಲಿಲ್ಲ. ಒಂದು ಹಳ್ಳಿಯಲ್ಲಿ ನಾಲ್ಕು ಇಟ್ಟಿಗೆಗೊಮ್ಮೆ ಅದೇ ಕಲೆ ಮರುಕಳಿಸುವುದನ್ನು ಕಂಡುಹಿಡಿದ. ಇನ್ನೊಂದರಲ್ಲಿ ಆಡಿನ ನೆರಳು ಆಡಿನಿಂದ ಗೇಣು ದೂರದಲ್ಲಿ ನಡೆಯುತ್ತಿತ್ತು. ಗಾಳಿ ಬೀಸಿದರೆ ಪಾದ್ರಿಯ ಗಡ್ಡ ಎದೆಯೊಳಗೆ ಹೊಕ್ಕು ಬೆನ್ನಲ್ಲಿ ಹೊರಬರುತ್ತಿತ್ತು. ದೂರದ ಮರಗಳು ಹತ್ತಿರ ಹೋದ ಮೇಲಷ್ಟೇ ಎಲೆ ಬಿಡುತ್ತಿದ್ದವು, ನೆಂಟರು ಬಾಗಿಲಿಗೆ ಬಂದ ಮೇಲೆ ಅಂಗಿ ತೊಡುವವರ ಹಾಗೆ. ಅವನು ಗೋಡೆ ಪರೀಕ್ಷಿಸುತ್ತಿರುವಾಗ ಶತ್ರು ಸೈನಿಕರು ಹಿಂದಿನಿಂದ ಬಂದು ಕಡಿಯುತ್ತಿದ್ದರು. ಸತ್ತು, ಮತ್ತೆ ಹುಟ್ಟಿ, ಅದೇ ಗೋಡೆಗೆ ಮರಳುತ್ತಿದ್ದ.

ಕಂಡದ್ದನ್ನೆಲ್ಲ ಕಂಪನಿಗೆ ಬರೆಯುತ್ತಿದ್ದ. ಕಂಪನಿ ಭೂಮಿಯ ಮೇಲ್ತುದಿಯ ಯಾವುದೋ ಚಳಿದೇಶದಲ್ಲಿತ್ತು. ಯಾರ ಇಪ್ಪತ್ತು ದೋಷಗಳು ಒಪ್ಪಿಗೆಯಾಗುತ್ತವೋ ಅವರ ಹೆಸರನ್ನು ಆಟದೊಳಗಿನ ಒಂದು ಅಂಗಡಿಯ ಬೋರ್ಡಿಗೆ ಹಾಕುತ್ತೇವೆ ಎಂದು ಅದು ಸಾರಿತ್ತು. ಎಬೆರನವು ಹತ್ತೊಂಬತ್ತು ಆಗಿದ್ದವು. ಗಡುವಿಗೆ ಒಂದು ವಾರ ಉಳಿದಿತ್ತು. ಊರಿನ ಅರ್ಧ ಅಂಗಡಿಗಳ ಬೋರ್ಡು ಬರೆದವನು ಅವನೇ. ಒಂದರಲ್ಲೂ ಅವನ ಹೆಸರಿರಲಿಲ್ಲ. ಆದ್ದರಿಂದ ಈ ಬೋರ್ಡು ಬೇಕೇ ಬೇಕಾಗಿತ್ತು. ಸಿಗುತ್ತದೆಂದು ಕ್ಲಬ್ಬಿನಲ್ಲಿ ಮುಂಚೆಯೇ ಹೇಳಿಕೊಂಡೂ ಆಗಿತ್ತು, ಅದು ಅವಿವೇಕ.

ಮಂಗಳವಾರ ಅವನಿಗೆ ದೊಡ್ಡ ಬೇಟೆ ಸಿಕ್ಕಿತು. ರಾಜ್ಯದ ಎಲ್ಲ ಮನೆಗಳಲ್ಲೂ ಪಾಚಿ ಕಟ್ಟಿದ್ದು ಉತ್ತರದ ಗೋಡೆಗೆ. ದಕ್ಷಿಣದ್ದು ಒಣಗಿ ಬೆಚ್ಚಗಿತ್ತು. ನಲವತ್ತೊಂದು ವರ್ಷ ದಕ್ಷಿಣದ ಗೋಡೆಗಳಿಂದ ಪಾಚಿ ಕೆರೆದವನು ಅವನು. ನಡುಹಗಲಿನ ನೆರಳು ನೋಡಿದ. ಅದೂ ಉತ್ತರಕ್ಕೆ ಚಾಚಿತ್ತು.

"ಅಕ್ಕ, ಇವರು ಇಡೀ ರಾಜ್ಯಾನೇ ಹಿಂದುಮುಂದು ಕಟ್ಟಿದಾರೆ. ಸೂರ್ಯ ದಕ್ಷಿಣದಲ್ಲಿದಾನೆ."

"ನೀನು ಮೊದಲು ರಾಜನ್ನ ಬಿಡಿಸು ಮಾರಾಯ. ಅವನ ಬೆನ್ನಿಗೂ ಪಾಚಿ ಬಂದಿರುತ್ತೆ."

ಕ್ಲಬ್ಬಿನ ಅಧ್ಯಕ್ಷ ದೋನ್ ಮಿಲ್ಟನ್ ಬಿದೆಗಾಯಿನ್, ಒಂದು ಗುಂಡು ಕಳೆದರೂ ಸಮಿತಿ ನೇಮಿಸುವ ಮನುಷ್ಯ. ಇದಕ್ಕೂ ನೇಮಿಸಿದರು. ಮೂವರು ಸದಸ್ಯರು ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಯೆರ್ಬಾ ಎಲೆಯ ಕಷಾಯ ಹೀರುವ ಸೋರೆಬುರುಡೆ ಹಿಡಿದು, ಸರಿಯಾಗಿ ಮಧ್ಯಾಹ್ನ ಅಂಗಳದಲ್ಲಿ ನಿಂತು ತಮ್ಮ ತಮ್ಮ ನೆರಳು ನೋಡಿಕೊಂಡರು. ನೆರಳು ದಕ್ಷಿಣಕ್ಕೇ ಬೀಳುವುದೆಂದು ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಅವರಲ್ಲಿ ದೇಶ ಬಿಟ್ಟು ಹೋದವನು ಒಬ್ಬನೇ, ಅದೂ ನದಿಯಾಚೆಯ ಅರ್ಜೆಂಟೀನಾಕ್ಕೆ. ಆ ಪುಟದ ಫೋಟೋ ಕಂಪನಿಗೆ ಹೋಯಿತು.

ಶುಕ್ರವಾರ ಉತ್ತರ ಬಂತು. ತಮ್ಮ ದೇಶದಲ್ಲಿ ನಡುಹಗಲ ಸೂರ್ಯ ಇರುವುದೇ ದಕ್ಷಿಣದಲ್ಲಿ, ಪಾಚಿ ಕಟ್ಟುವುದೇ ಉತ್ತರದ ಗೋಡೆಗೆ, ಕತೆ ನಡೆಯುವುದೂ ಅಲ್ಲಿಯೇ ಎಂದು ಕಂಪನಿಯವರು ವಿನಯದಿಂದ ತಿಳಿಸಿದ್ದರು. ಆದರೆ ಪತ್ರ ಓದಿ ಆಕಾಶವನ್ನೆಲ್ಲ ಮತ್ತೊಮ್ಮೆ ನೋಡಿದಾಗ ಚಂದ್ರ ತಲೆಕೆಳಗಾಗಿರುವುದು ಕಂಡಿತಂತೆ. ಅದನ್ನು ಚಿತ್ರಿಸಿದ ಕಲಾವಿದ ನಿಮ್ಮ ಭಾಗದವನು, ಅಲ್ಲಿ ಕಾಣುವ ಹಾಗೆಯೇ ಬರೆದುಬಿಟ್ಟಿದ್ದಾನೆ. ನೀವು ಒಪ್ಪಿದರೆ ಅದನ್ನೇ ಇಪ್ಪತ್ತನೆಯ ದೋಷವೆಂದು ಹಿಡಿದು ಚಂದ್ರನನ್ನು ತಿರುಗಿಸುತ್ತೇವೆ ಎಂದು ಬರೆದಿದ್ದರು.

ಎಬೆರ್ ಆಟದೊಳಗೆ ಕತ್ತಲಾಗುವವರೆಗೆ ಕಾದು ಚಂದ್ರನನ್ನು ನೋಡಿದ. ಪೈಸಾಂದೂವಿನ ನದಿಯ ಮೇಲೆ ಕಾಣುವಂತೆಯೇ ಇದ್ದ. ಏಳು ತಿಂಗಳಲ್ಲಿ ಆ ರಾಜ್ಯದಲ್ಲಿ ಅವನು ತಪ್ಪು ಹುಡುಕದೇ ಬಿಟ್ಟ ವಸ್ತು ಅದೊಂದೇ.

"ಒಪ್ಪಿಗೆ ಅಂತ ಬರಿ," ಎಂದಳು ನೆಲಿದಾ. "ಬೋರ್ಡು ಬೇಡ್ವಾ ನಿಂಗೆ?"

"ಈ ಚಂದ್ರನಲ್ಲಿ ತಪ್ಪೇನಿಲ್ಲ, ಅಕ್ಕ."

"ಸೂರ್ಯನಲ್ಲೂ ಇರಲಿಲ್ವಲ್ಲ."

ಎಬೆರ್ ಆಟದೊಳಗಿನ ಚಂದ್ರ ಮುಳುಗುವವರೆಗೆ ನೋಡುತ್ತಾ ಕುಳಿತ. ಆಮೇಲೆ ಒಪ್ಪಿಗೆ ಬರೆದ.

ಮುಂದಿನ ತಿಂಗಳು ಒಂದು ಉಪ್ಪುಮೀನಿನ ಅಂಗಡಿಯ ಮೇಲೆ ಅವನ ಹೆಸರು ಬಂತು. ಅಕ್ಷರಗಳು ನೆಟ್ಟಗಿದ್ದವು ಎಂದು ಅವನೇ ಒಪ್ಪಿಕೊಂಡ. ಭಾನುವಾರ ಕ್ಲಬ್ಬಿನ ಟಿವಿಗೆ ಯಂತ್ರ ಹೊಂದಿಸಿ ತೋರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಆಟದೊಳಗೆ ಸಂಜೆಯಾಗಿ, ಮೀನಂಗಡಿಯ ಮಾಡಿನ ಮೇಲೆ ಚಂದ್ರ ಹುಟ್ಟಿದ. ಚಪ್ಪಾಳೆ ನಿಂತಿತು.

"ಎಬೆರ್, ಚಂದ್ರ ಯಾಕಪ್ಪಾ ತಲೆ ಮೇಲೆ ನಿಂತಿದಾನೆ?" ದೋನ್ ಮಿಲ್ಟನ್ ಕೇಳಿದರು.

ಸುಳ್ಳು ಹೇಳಲು ಬಾರದ ಎಬೆರ್ ನಡೆದದ್ದನ್ನು ಹೇಳಿದ. ಅಧ್ಯಕ್ಷರು ನಡಾವಳಿ ಪುಸ್ತಕ ತರಿಸಿದರು. ಒಂದೂವರೆ ಗಂಟೆ ಚರ್ಚೆಯಾಗಿ ಎರಡು ನಿರ್ಣಯಗಳಾದವು. ಮೊದಲನೆಯದರಲ್ಲಿ, ಊರಿನ ಹೆಸರನ್ನು ಇನ್ನೊಂದು ಲೋಕಕ್ಕೆ ಮುಟ್ಟಿಸಿದ ಸದಸ್ಯನಿಗೆ ಅಭಿನಂದನೆ. ಎರಡನೆಯದರಲ್ಲಿ, ಒಂದು ಮೀನಂಗಡಿಗಾಗಿ ನಮ್ಮ ಚಂದ್ರನನ್ನು ಉತ್ತರದವರಿಗೆ ಬಿಟ್ಟುಕೊಟ್ಟ ಅದೇ ಸದಸ್ಯನಿಗೆ ಛೀಮಾರಿ. ಎರಡೂ ಸರ್ವಾನುಮತದಿಂದ ಅಂಗೀಕಾರವಾದವು. ಎರಡಕ್ಕೂ ಎಬೆರ್ ಕೈ ಎತ್ತಿದ್ದ.