ಕೆರೆ ಏರಿಯ ಮೇಲೆ ನಾನು ಕಾಣದ ಚಂದ್ರ

ಭಾವ, ಆವತ್ತು ನನಗೆ ಚಂದ್ರ ಕಾಣಲಿಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಆಯುಷ್ಯ ಬೇಕಾಯಿತು. ಹಿಂದಿನ ದೊಡ್ಡ ಲಡಾಯಿ ಶುರುವಾದ ಮಳೆಗಾಲದಲ್ಲಿ, ರಂಜಾನಿನ ಇಪ್ಪತ್ತೊಂಬತ್ತನೆಯ ಸಂಜೆ, ಅಜ್ಜಂಪುರದ ಕೆರೆ ಏರಿಯ ಮೇಲೆ ನೀನೂ ನಾನೂ ಅಕ್ಕಪಕ್ಕ ನಿಂತು ಪಡುವಣದ ಕಡೆ ಕತ್ತೆತ್ತಿ ನೋಡಿದೆವಲ್ಲ — ಅಲ್ಲಿ ಇದ್ದದ್ದು ಮೋಡ. ಬರೀ ಮೋಡ. ಆಮೇಲೆ ಮಸೀದಿಗೆ ಬಂದು ನಾನು ಚಂದ್ರನನ್ನು ಕಂಡೆ ಎಂದೆ. ಅದು ಸುಳ್ಳು. ಸುಳ್ಳೆಂದು ನಿನಗೆ ಆ ಕ್ಷಣವೇ ಗೊತ್ತಿತ್ತು, ನನಗೆ ಗೊತ್ತಿತ್ತು, ಮೇಲಿರುವವನಿಗೆ ಗೊತ್ತಿತ್ತು. ಊರಿಗೆ ಮಾತ್ರ ಇವತ್ತಿನವರೆಗೂ ಗೊತ್ತಿಲ್ಲ.

ಬಾಯಿ ಬಿಟ್ಟು ಹೇಳಬೇಕಿತ್ತು. ಆದರೆ ನಿನ್ನನ್ನು ದೂರದಿಂದ ಕಂಡರೇ ನಾನು ಬೇರೆ ಬೀದಿ ಹಿಡಿಯುತ್ತೇನೆ. ಅದಕ್ಕೇ, ಚಿಕ್ಕಂದಿನಲ್ಲಿ ಅಯ್ಯನವರ ಕೂಲಿಮಠದಲ್ಲಿ ಕಲಿತ ನಾಲ್ಕು ಅಕ್ಷರವನ್ನು ನಂಬಿ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಆಗ ಹುಟ್ಟಿರದ ಹುಡುಗರು ಇವತ್ತು ಎರಡು ಮಸೀದಿಗಳಲ್ಲಿ ಹಂಚಿಹೋಗಿದ್ದಾರೆ. ಏಕೆ ಹಂಚಿಹೋದೆವೆಂದು ಅವರೂ ಓದಲಿ.

ನಾನು ಪಿಂಜಾರರ ಬುಡನ್. ಹತ್ತಿ ಹಿಂಜುವುದು, ಹಾಸಿಗೆ ಹೊಲಿಯುವುದು ನನ್ನ ಕಸುಬು. ನೀನು ಖಾಸಿಂ, ಪಾತ್ರೆಗೆ ಕಲಾಯಿ ಹಾಕುವವನು, ನನ್ನ ಅಕ್ಕ ಫಾತಿಂಬಿಯ ಗಂಡ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅಕ್ಕ. ಅವಳು ಮದುವೆಯಾಗಿ ನಿನ್ನ ಮನೆಗೆ ಬಂದಾಗ ನಾನೂ ಅವಳ ಸೆರಗು ಹಿಡಿದು ಬಂದೆ, ನೀನು ಬೇಡವೆನ್ನಲಿಲ್ಲ. ಕುಲುಮೆಗೆ ಊದುವ ನಿನ್ನ ತಿದಿ, ಹತ್ತಿ ಹಿಂಜುವ ನನ್ನ ಬಿಲ್ಲು ಹೆಗಲಿಗೆ ಹಾಕಿಕೊಂಡು ಅಂತರಘಟ್ಟೆ, ಚೌಳಹಿರಿಯೂರು, ಪಂಚನಹಳ್ಳಿಯವರೆಗೂ ಜೊತೆಯಾಗಿ ತಿರುಗಿದವರು ನಾವು.

ಮಸೀದಿಯಲ್ಲಿ ನಮ್ಮ ಜಾಗ ಚಪ್ಪಲಿ ಬಿಡುವ ಕಡೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಪ್ರತಿ ಶುಕ್ರವಾರ ಕೇಳುತ್ತಿದ್ದೆವು, ಕೇಳುವುದು ಮಾತ್ರ ಕೊನೆಯ ಸಾಲಿನಿಂದ. ಮುಂದೆ ನಿಲ್ಲಬೇಡವೆಂದು ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಆದರೆ ನಾನು ಮುಂದೆ ಹೋದರೆ ಪಕ್ಕದವರು ಕೊಂಚ ಸರಿದು ನಿಲ್ಲುತ್ತಿದ್ದರು. ನಿನಗೆ ಇದೇನೂ ಅನ್ನಿಸುತ್ತಿರಲಿಲ್ಲ. ನನಗೆ ಅನ್ನಿಸುತ್ತಿತ್ತು. ಆ ಮುಂದಿನ ಸಾಲು ನನಗೆ ಬೇಕಿತ್ತು ಭಾವ, ಸುಳ್ಳೇಕೆ ಹೇಳಲಿ — ಇನ್ನಾದರೂ.

ಆ ವರ್ಷ ಬಡಗಣ ಸೀಮೆಯಿಂದ ಒಬ್ಬ ಮೌಲ್ವಿ ಬಂದಿದ್ದರು. ದರ್ಗಾದಲ್ಲಿ ಉರುಸು ಮಾಡುವುದು ತಪ್ಪು, ಅನ್ನದ ಮೇಲೆ ಫಾತೆಹಾ ಓದುವುದು ತಪ್ಪು, ನಮಾಜಿನಲ್ಲಿ ಆಮೀನನ್ನು ಗಟ್ಟಿಯಾಗಿ ಹೇಳಬೇಕು ಎಂದರು. ಕೆಲವರು ಅವರ ಹಿಂದೆ ಹೋದರು. ಮಸೀದಿಯ ಆಡಳಿತ ನೋಡುವ ಮುತವಲ್ಲಿ ರಹಮಾನ್ ಸಾಹುಕಾರರು ಕೆಂಡವಾದರು. ಅವರ ಅಜ್ಜ ಕಟ್ಟಿಸಿದ ಮಸೀದಿ, ಅವರೇ ನಡೆಸುವ ಉರುಸು. ಒಂದು ಕಡೆಯವರು ಗಟ್ಟಿಯಾಗಿ ಆಮೀನ್ ಎಂದರೆ ಇನ್ನೊಂದು ಕಡೆಯವರು ಕೆಮ್ಮುತ್ತಿದ್ದರು. ಚಪ್ಪಲಿಗಳ ಪಕ್ಕ ನಿಂತ ನಮಗೆ ಎರಡೂ ಒಂದೇ ಗದ್ದಲವಾಗಿ ಕೇಳುತ್ತಿತ್ತು. ಹೀಗಿದ್ದರೂ ನಮಾಜು ಒಟ್ಟಿಗೇ ನಡೆಯುತ್ತಿತ್ತು ನೋಡು. ಬೈದಾಡಿಕೊಂಡರೂ ಒಂದೇ ಚಾಪೆಯ ಮೇಲೆ ಹಣೆ ಹಚ್ಚುತ್ತಿದ್ದೆವು.

ಆ ಸಂಜೆ ಊರೆಲ್ಲ ಮೋಡ ಕವಿದಿತ್ತು. ಮೋಡವಿದ್ದ ದಿನ, ಚಂದ್ರನನ್ನು ಕಂಡೆವೆಂದು ನಂಬಿಕಸ್ಥರಾದ ಇಬ್ಬರು ಸಾಕ್ಷಿ ಹೇಳಿದರೆ ಮಾರನೆಯ ದಿನ ಈದ್. ಇಲ್ಲದಿದ್ದರೆ ಇನ್ನೊಂದು ದಿನ ಉಪವಾಸವಿದ್ದು ಮೂವತ್ತನೆಯ ರೋಜಾ ಹಿಡಿಯಬೇಕು. ಸಾಕ್ಷಿಯಿಲ್ಲ, ನಾಳೆಯೂ ರೋಜಾ ಎಂದು ಮೌಲ್ವಿ ಆಗಲೇ ಹೇಳಿಬಿಟ್ಟಿದ್ದರು. ಅವರು ಹೇಳಿದ್ದಕ್ಕೇ ಸಾಹುಕಾರರಿಗೆ ಈದ್ ಬೇಕಾಯಿತು. ಅವರ ತಂಗಿಯ ಮಗ ಕಂಡೆ ಎಂದ. ಒಬ್ಬನಾಯಿತು, ಇನ್ನೊಬ್ಬ ಬೇಕು. ಅವರು ಸಾಲುಗಳನ್ನು ದಾಟಿಕೊಂಡು, ನಾವು ಕೂತಿದ್ದ ಕಡೆಗೆ, ಚಪ್ಪಲಿಗಳ ಹತ್ತಿರಕ್ಕೆ ತಾವೇ ಬಂದರು.

“ಬುಡನ್ ಸಾಹೇಬ್ರೆ, ಇಲ್ಯಾಕೆ ಕೂತಿದೀರ? ಮುಂದಕ್ಕೆ ಬನ್ನಿ. ನೀವು ಕೆರೆ ಏರಿ ಮೇಲಿದ್ರಂತಲ್ಲ, ನಿಮಗೆ ಕಂಡಿರ್ಲೇಬೇಕು.”

ಸುಳ್ಳು ಹೇಳು ಎಂದು ಅವರು ಹೇಳಲಿಲ್ಲ. ಹೆದರಿಸಲಿಲ್ಲ, ಕೈಗೆ ಏನೂ ಕೊಡಲಿಲ್ಲ. ಸಾಹೇಬ್ರೆ ಎಂದರು, ಅಷ್ಟೇ. ಹಿಂದಿನ ದಿನದವರೆಗೆ ನಾನು ಅವರ ಅಂಗಡಿಯಲ್ಲಿ ‘ಲೇ ಪಿಂಜಾರ’. ಎದ್ದೆ. ಜನ ಸರಿದು ದಾರಿ ಬಿಟ್ಟರು — ಈ ಸಲ ಮೈ ತಾಗದಿರಲೆಂದಲ್ಲ, ನಾನು ಹೋಗಲೆಂದು. ಕಂಡೆ ಎಂದೆ. ಹುಣಸೆಮರದ ನೆತ್ತಿಯ ಮೇಲೆ, ಕತ್ತರಿಸಿದ ಉಗುರಿನಷ್ಟು ತೆಳ್ಳಗೆ, ಮೋಡ ಹರಿದಾಗ ಕಂಡಿತು ಎಂದೆ. ಯಾರೂ ಅಷ್ಟೆಲ್ಲ ಕೇಳಿರಲಿಲ್ಲ.

ಸಾಹುಕಾರರು ನಿನ್ನ ಕಡೆ ತಿರುಗಿದರು. “ನೀನೂ ಇವರ ಜೊತೇಲೇ ಇದ್ದೆಯಲ್ಲಪ್ಪಾ?”

ನೀನು ನನ್ನ ಮುಖ ನೋಡಿದೆ. ಆ ನೋಟ — ಬೇಡ, ಅದನ್ನು ಬರೆಯಲಾರೆ.

“ನಂಗೆ ಕಾಣ್ಲಿಲ್ಲ. ಮೋಡ ಇತ್ತು” ಎಂದೆ ನೀನು.

“ಅವರಿಗೆ ಕಂಡಿದ್ದು ನಿಂಗ್ಯಾಕೆ ಕಾಣ್ಲಿಲ್ಲ?”

“ಅವನಿಗೆ ಕಂಡಿರಬೋದು. ನಾನು ಕಂಡಿಲ್ಲದ್ದು ಹೆಂಗೆ ಹೇಳ್ಲಿ?”

ಅವನಿಗೆ ಕಂಡಿರಬಹುದು. ಬುಡನ ಸುಳ್ಳ ಎಂದು ಒಂದು ಮಾತು ಅಂದಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ನೀನು ನಿನ್ನ ಸತ್ಯವನ್ನೂ ಬಿಡಲಿಲ್ಲ, ನನ್ನ ಮಾನವನ್ನೂ ಕಳೆಯಲಿಲ್ಲ. ಆ ಒಂದು ಮಾತಿಗೆ ಸಾಹುಕಾರರ ಕಡೆಯವರ ಬಾಯಲ್ಲಿ ನೀನು ಮೌಲ್ವಿಯ ಬಾಲವಾದೆ. ಉರುಸು ಬೇಡವೆಂದು ನೀನು ಯಾವತ್ತೂ ಹೇಳಿದವನಲ್ಲ. ದರ್ಗಾಕ್ಕೆ ಸಕ್ಕರೆ ಓದಿಸಲು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದವನು.

ಮಾರನೆಯ ಬೆಳಿಗ್ಗೆ ಅರ್ಧ ಊರು ಹೊಸ ಬಟ್ಟೆ ಉಟ್ಟಿತು, ಅರ್ಧ ಊರು ಬಾಯಿ ಒಣಗಿಸಿಕೊಂಡು ಕೂತಿತು. ಈದ್ ದಿನ ರೋಜಾ ಹಿಡಿಯುವುದು ಹರಾಮ್, ಅವರು ಪಾಪಿಗಳು ಎಂದು ನಾವು. ರಂಜಾನಿನ ರೋಜಾ ತಿಂದುಹಾಕಿದರು, ಇವರು ಪಾಪಿಗಳು ಎಂದು ಅವರು. ಮಸೀದಿಯ ಎದುರಂಗಡಿಯ ಶೆಟ್ಟರು ನಗುತ್ತಾ ಕೇಳಿದರು: “ಏನ್ ಸಾಬ್ರೆ, ನಿಮ್ಮೋರಿಗೆ ಎರಡೆರಡು ಚಂದ್ರನೋ ಹೆಂಗೆ?” ಅವರು ತಮಾಷೆಗೆ ಕೇಳಿದ್ದು. ನಾನು ಬೇಗ ಬೇಗ ಅಲ್ಲಿಂದ ನಡೆದೆ.

ಈಗ ನಿನಗೂ ಪೂರಾ ಗೊತ್ತಿಲ್ಲದ್ದನ್ನು ಹೇಳುತ್ತೇನೆ.

ಆ ಮಧ್ಯಾಹ್ನ ನೀನು ಮನೆಯಲ್ಲಿರಲಿಲ್ಲ. ಆಗಲೇ ಬೇರೆ ಮನೆ ಮಾಡಿದ್ದ ನಾನು ಈದಿನ ಹಾಲುಶಾವಿಗೆ, ಒಂದು ಚೊಂಬು ಸುರಕುಂಬಾ ಹಿಡಿದು ಅಕ್ಕನ ಹತ್ತಿರ ಬಂದೆ. ಅವಳು ರೋಜಾ ಇದ್ದಳು, ನಿನ್ನ ಜೊತೆ. ಹೊಸಿಲಲ್ಲೇ ಕೂರಿಸಿಕೊಂಡು ಕೇಳಿದಳು: “ಬುಡನಾ, ನನ್ ಮುಖ ನೋಡಿ ಹೇಳು. ನಿಜವಾಗ್ಲೂ ಕಂಡೆಯೇನೋ?”

ಕಂಡೆ ಅಕ್ಕ ಎಂದೆ.

“ಹಂಗಾರೆ ಇವತ್ತು ಈದೇ ಕಣೋ. ನೀನು ನನ್ ಹತ್ರ ಸುಳ್ ಹೇಳಲ್ಲ” ಎಂದಳು. ಚೊಂಬನ್ನು ಎತ್ತಿ ನನ್ನೆದುರಿಗೇ ಕುಡಿದಳು. ಗಂಡ ರೋಜಾ ಇರುವಾಗ, ತಮ್ಮನ ಮಾತು ನಂಬಿ, ಅವಳು ರೋಜಾ ಮುರಿದಳು. ಅವಳ ಗಂಟಲು ಏರಿಳಿಯುವುದನ್ನು ನೋಡುತ್ತಾ ಕೂತಿದ್ದೆ.

ಸಂಜೆ ನೀನು ಬಂದು ಖಾಲಿ ಚೊಂಬನ್ನು ನೋಡಿದೆಯಂತೆ, ನೀನೇ ತೊಳೆದು ಕವುಚಿಟ್ಟೆಯಂತೆ. ಅಕ್ಕನೇ ಆಮೇಲೆ ಹೇಳಿದಳು. ನಿನ್ನ ತಮ್ಮ ಸುಳ್ಳ ಎಂದು ನೀನು ಅವಳಿಗೆ ಯಾವತ್ತೂ ಹೇಳಲಿಲ್ಲ. ಅವಳ ಕಣ್ಣಲ್ಲಿ ನನ್ನನ್ನು ಉಳಿಸಿದೆ. ಆ ಉಪಕಾರವನ್ನು ನಾನು ಹೇಗೆ ತೀರಿಸಿದೆ ಎಂಬುದನ್ನೂ ಬರೆಯುತ್ತೇನೆ.

ಆಮೇಲೆ, ಆ ದಿನ ರೋಜಾ ಹಿಡಿದಿದ್ದ ನೀವೆಲ್ಲ ಕೆರೆಯ ಕಡೆ ತಗಡಿನ ಮಾಡು ಹಾಕಿ ಬೇರೆ ಮಸೀದಿ ಮಾಡಿಕೊಂಡಿರಿ. ನಮ್ಮ ಜಮಾತು ನಿಮ್ಮ ಜೊತೆ ಕೊಡು-ಕೊಳ್ಳುವುದನ್ನು ನಿಲ್ಲಿಸಿತು. ದೂರು ತರೀಕೆರೆಯ ಅಮಲ್ದಾರರವರೆಗೂ ಹೋಯಿತು. ಅವರು ಎರಡೂ ಕಡೆಯವರನ್ನು ಬೈದು ಕಳಿಸಿದರು. ನನ್ನನ್ನು ಜಮಾತಿನ ಪಂಚರಲ್ಲಿ ಒಬ್ಬನನ್ನಾಗಿ ಮಾಡಿದರು. ನಿಕಾಹ್‌ಗಳಿಗೆ ಸಾಕ್ಷಿಯಾಗಿ ಕರೆದರು. ಚಂದ್ರನನ್ನು ಕಂಡವನೆಂದು ಜನ ನನ್ನನ್ನು ಚಾಂದ್ ಸಾಬ್ ಎನ್ನತೊಡಗಿದರು. ಬುಡನ್ ಎಂಬ ಹೆಸರೇ ಮರೆತುಹೋಯಿತು.

ಲಡಾಯಿ ಮುಗಿಯುವ ವರ್ಷ ಊರೂರಿಗೆ ಆ ಕೆಟ್ಟ ಜ್ವರ ಬಂತು. ಅಕ್ಕ ಹೋದಳು. ಹೆಣ ಹೊರುವ ಸಂದೂಕ ಊರಿಗೆ ಒಂದೇ, ಅದಿದ್ದದ್ದು ನಮ್ಮ ಮಸೀದಿಯಲ್ಲಿ, ಆ ಕೋಣೆಯ ಬೀಗದ ಕೈ ಇದ್ದದ್ದು ನನ್ನ ಸೊಂಟದಲ್ಲಿ. ನೀನು ನನ್ನ ಬಾಗಿಲಿಗೆ ಬಂದೆ.

“ಸಂದೂಕ ಕೊಡೋ ಬುಡನಾ. ನನಗೆ ಅಂತ ಬ್ಯಾಡ. ನಿನ್ನಕ್ಕಂಗೆ ಅಂತ ಕೊಡು.”

“ಜಮಾತಿನ ಕಟ್ಟು ಭಾವ. ನನ್ ಕೈಲಿಲ್ಲ.”

ಕೈಯಲ್ಲೇ ಇತ್ತು. ನೀನು ನನ್ನ ಸೊಂಟವನ್ನು ನೋಡಿದೆ. ನಂತರ ಮೆಲ್ಲಗೆ ಅಂದೆ: “ನಾನು ಯಾರ ಹತ್ರಾನೂ ಹೇಳಿಲ್ಲ ಕಣೋ. ಇನ್ಮೇಲೂ ಹೇಳಲ್ಲ. ಅದಕ್ಕೆ ಹೆದರ್ಕೊಂಡು ಕೊಡಬ್ಯಾಡ. ಅವಳು ನಿನ್ನ ಎತ್ತಿ ಆಡಿಸಿದ್ಲು ಅಂತ ಕೊಡು.”

ಕೊಡಲಿಲ್ಲ. ಕೊಟ್ಟರೆ ಚಾಂದ್ ಸಾಬ್ ಆ ಕಡೆ ವಾಲಿದ ಎನ್ನುತ್ತಾರೆ, ಏಕೆ ವಾಲಿದ ಎಂದು ಕೆದಕುತ್ತಾರೆ, ಕೆದಕಿದರೆ — ಹೀಗೆ ಯೋಚಿಸಿದೆ. ಅಕ್ಕನ ಹೆಣ ಅಲ್ಲಿರುವಾಗ ನಾನು ಯೋಚಿಸಿದ್ದು ಇದನ್ನು.

ಅವಳನ್ನು ಹಗ್ಗದ ಮಂಚದ ಮೇಲೆ ಹೊತ್ತುಕೊಂಡು ಹೋದಿರಿ, ನಾನು ಹೊಲಿದುಕೊಟ್ಟ ಹಾಸಿಗೆಯನ್ನೇ ಹಾಸಿ. ಜ್ವರದಲ್ಲಿ ಎಷ್ಟೋ ಮಂದಿ ಮಲಗಿದ್ದರಿಂದ ಹೊರಲು ನಿನ್ನ ಕಡೆ ಜನ ಸಾಲದೆ ಎದುರಂಗಡಿಯ ಶೆಟ್ಟರೂ ಹೆಗಲು ಕೊಟ್ಟರು. ಮಂಚ ನನ್ನ ಮನೆಯ ಮುಂದೆಯೇ ಹೋಯಿತು. ನಾನು ಒಳಗೆ ಕದ ಹಾಕಿಕೊಂಡು ಹತ್ತಿ ಹಿಂಜುತ್ತಿದ್ದೆ. ಹೊರಗೆ ಹೆಣ ಹೊತ್ತವರು ಹೇಳುವ ಕಲಿಮಾ ಕೇಳಿಸದಿರಲೆಂದು ಬಿಲ್ಲನ್ನು ಜೋರಾಗಿ ಹೊಡೆದೆ. ನನ್ನ ಚಂದ್ರನನ್ನು ನಂಬಿ ರೋಜಾ ಮುರಿದವಳು ಅವಳು. ನನ್ನ ಕಡೆಯವಳೇ. ಅವಳಿಗೇ ನನ್ನ ಕಡೆಯ ಸಂದೂಕ ಸಿಗಲಿಲ್ಲ.

ಆಮೇಲಾದರೂ ಹೇಳಬಹುದಿತ್ತಲ್ಲ ಎಂದು ಕೇಳುತ್ತೀಯೇನೋ. ಬಿಸಿತುಪ್ಪ ಭಾವ, ನುಂಗಲಿಕ್ಕೂ ಆಗದು, ಉಗುಳಲಿಕ್ಕೂ ಆಗದು. ನಾನು ಸುಳ್ಳನಾದರೆ ಅವತ್ತು ಉಂಡವರೆಲ್ಲರ ತಲೆಯ ಮೇಲೆ ಒಂದೊಂದು ರೋಜಾ ಬಾಕಿ, ಅವರಲ್ಲಿ ಎಷ್ಟೋ ಜನ ಮಣ್ಣು ಸೇರಿದ್ದಾರೆ. ಮಗಳನ್ನು ಸಾಹುಕಾರರ ಬಳಗಕ್ಕೆ ಕೊಟ್ಟಿದ್ದೇನೆ. ಚಾಂದ್ ಸಾಬರ ಮಗಳೆಂದು ತಂದುಕೊಂಡರೇ ಹೊರತು ಪಿಂಜಾರನ ಮಗಳೆಂದಲ್ಲ. ಮೌಲ್ವಿ ತಮ್ಮ ಸೀಮೆಗೆ ಹೋದರು, ಸಾಹುಕಾರರು ತೀರಿಕೊಂಡರು, ಜಗಳ ಹುಟ್ಟಿಸಿದವರು ಯಾರೂ ಉಳಿದಿಲ್ಲ. ಮುಂದಿನ ಸಾಲಿನಲ್ಲಿ ನಾನು ನಿಂತೇ ಇದ್ದೇನೆ. ಎಡಬಲದಲ್ಲಿ ಜನ, ಎದುರಿಗೆ ಗೋಡೆ. ಅಲ್ಲಿಂದ ಹಿಂದಕ್ಕೆ ಬರುವ ದಾರಿಯೇ ನನಗೆ ಕಾಣುತ್ತಿರಲಿಲ್ಲ.

ಇದು ಸಬೂಬಲ್ಲ. ಹೀಗಿತ್ತು ಎಂದು ಹೇಳಿದೆ, ಅಷ್ಟೇ.

ಈ ವರ್ಷ ಇನ್ನೊಂದು ಲಡಾಯಿ ಶುರುವಾಗಿದೆಯಂತೆ. ಇವತ್ತು ಮತ್ತೆ ಇಪ್ಪತ್ತೊಂಬತ್ತನೆಯ ರೋಜಾ, ಬೆಳಗಿನಿಂದ ಹಿಂಗಾರಿನ ಮೋಡ. ನಿನ್ನೆ ಎರಡೂ ಮಸೀದಿಯ ಪ್ರಾಯದವರು ಕೂಡಿ ನನ್ನ ಮನೆಗೆ ಬಂದಿದ್ದರು. “ಎರಡೆರಡು ಈದ್ ಸಾಕಾಗೋಗಿದೆ ಚಾಂದಜ್ಜ. ಈ ಸಲ ಎಲ್ಲಾ ಕೆರೆ ಏರಿ ಮೇಲೇ ಸೇರ್ತೀವಿ. ನೀವು ಹೂಂ ಅಂದ್ರೆ ಈದ್, ಊಹೂಂ ಅಂದ್ರೆ ರೋಜಾ. ಎರಡೂ ಕಡೆ ಒಪ್ಪಿದೀವಿ” ಎಂದರು. ಕೆರೆ ಕಡೆಯ ಮಸೀದಿಯ ಹಿರಿಯರು ಏನಂತಾರೆ ಎಂದು ಕೇಳಿದೆ. ನಿನ್ನನ್ನೇ ಕೇಳಿ ಬಂದಿದ್ದರಂತೆ. ‘ಬುಡನ ಏನಂತಾನೋ ಅದೇ ನಂದು’ ಎಂದೆಯಂತೆ ನೀನು.

ಭಾವ, ಅದು ನಿನ್ನ ಕ್ಷಮೆಯೋ, ಪರೀಕ್ಷೆಯೋ, ನನಗೆ ತಿಳಿಯಲಿಲ್ಲ. ಇಷ್ಟು ವರ್ಷಕ್ಕೆ ಬುಡನ ಎಂಬ ಹೆಸರು ಕೇಳಿ ಅವರೆದುರಿಗೇ ಅತ್ತೆ. ಹುಡುಗರು ಸಂತೋಷಕ್ಕೆ ಅಳುತ್ತಾನೆ ಎಂದುಕೊಂಡರು. ಒಡೆದವನ ಮಾತಿನ ಮೇಲೆಯೇ ಒಂದಾಗಲು ಹೊರಟಿದ್ದಾರೆ. ನಾನು ಬಾಯಿ ಬಿಟ್ಟರೆ ಅದೂ ಮುರಿಯಬಹುದು. ಸುಮ್ಮನಿದ್ದರೆ ಸುಳ್ಳಿನ ಮೇಲೆ ಕೂಡುತ್ತಾರೆ, ಅದು ಎಷ್ಟು ದಿನ ನಿಂತೀತು? ಇದರಲ್ಲಿ ಯಾವುದು ಒಳ್ಳೆಯದೆಂದು ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಉಳಿದಿರುವುದು ಯಾವುದೆಂದು ಮಾತ್ರ ಗೊತ್ತು.

ಈ ಕಾಗದ ಇಳಿಹೊತ್ತಿನ ಅಸರ್ ನಮಾಜಿಗೆ ಮೊದಲು ನಿನ್ನ ಕೈ ಸೇರುತ್ತದೆ. ಸಂಜೆ ಏರಿಯ ಮೇಲೆ, ಯಾರೂ ಆಕಾಶ ನೋಡುವುದಕ್ಕೆ ಮೊದಲು, ಎಲ್ಲರೆದುರಿಗೆ ಇದನ್ನೇ ಹೇಳುತ್ತೇನೆ. ಕಾಣದ ಚಂದ್ರನನ್ನು ಹೇಳುತ್ತೇನೆ, ಅಕ್ಕನ ರೋಜಾ ಹೇಳುತ್ತೇನೆ, ಸೊಂಟದಲ್ಲಿದ್ದ ಬೀಗದ ಕೈಯನ್ನೂ ಹೇಳುತ್ತೇನೆ. ಉಗಿದರೆ ಒರೆಸಿಕೊಳ್ಳುತ್ತೇನೆ. ಮಸೀದಿಯಲ್ಲಿ ಮತ್ತೆ ಚಪ್ಪಲಿಗಳ ಪಕ್ಕಕ್ಕೆ ಕಳಿಸಿದರೆ, ಆ ಜಾಗ ನನಗೆ ಹೊಸದಲ್ಲ.

ಸುಳ್ಳುಸಾಕ್ಷಿ ಹೇಳಿದವನ ಕಣ್ಣನ್ನು ಆಮೇಲೆ ಯಾರೂ ನಂಬಬಾರದು, ಅದೇ ಧರ್ಮ. ಆಗ ಅವರು ನಿನ್ನ ಕಡೆ ತಿರುಗುತ್ತಾರೆ. ಬುಡನ ಏನಂತಾನೋ ಅದೇ ನಂದು ಎನ್ನಬೇಡ ಭಾವ. ನಿನಗೆ ಏನು ಕಾಣುತ್ತದೋ ಅದನ್ನು ಹೇಳು, ಆವತ್ತು ಹೇಳಿದ ಹಾಗೆಯೇ.